ಬಾಟ್ ಹಾಕಿ ಕೊಡ್ರಿ ಅನ್ನೋರಿಗೆ ನಾ ಕೇಳೋದು: ದಿನಾ ಮುಂಜಾನೆ ತಿದ್ದೋರು ಯಾರ್ರಿ?

ನಂದು ಬೆಳಗಾವಿ ಟಿಳಕವಾಡಿಯೊಳಗ ಒಂದ ಸಣ್ಣ ಆಫೀಸಿನ್ಯಾಗ ಕೆಲಸ. ಬೆಳಗಾವಿ, ಬಾಗಲಕೋಟಿ, ವಿಜಯಪುರ ಈ ಮೂರೂ ಜಿಲ್ಲಾದ ಅಂಗಡಿ, ದವಾಖಾನಿ, ಸೊಸೈಟಿ, ಫ್ಯಾಕ್ಟರಿಯವ್ರಿಗೆ ವಾಟ್ಸಾಪ್ ಚಾಟ್‌ಬಾಟ್, ಅಂದ್ರ ಗಿರಾಕಿ ಮೆಸೇಜಿಗೆ ಮನಷ್ಯಾರಿಲ್ದ ಉತ್ರ ಕೊಡೋ ಪ್ರೋಗ್ರಾಂ, ಮಾಡಿ ಕೊಡ್ತೀವಿ. ಕೋಡ್ ಬರಿಯೋ ಹುಡುಗ್ರು ಬ್ಯಾರೆ ಅದಾರ, ನಾ ಪಾರ್ಟಿ ಹತ್ರ ಹೋಗಿ ಕುಂತು, ಚಾ ಕುಡದು, ಅವ್ರಿಗೆ ಏನ್ ಬೇಕಾಗೈತಿ ಏನ್ ಬೇಕಾಗಿಲ್ಲ ಅಂತ ತಿಳ್ಕೊಂಡ ಬರೋನು. ಬ್ಯಾರೆ ಬ್ಯಾರೆ ಧಂದೆದವ್ರನ್ನ ನೋಡಿ ತಿಳದದ್ದು ಒಂದಿಷ್ಟು ಬರೀತೇನಿ, ಯಾಕಂದ್ರ ಈಗೀಗ ದಿನಾ ಯಾರಾದ್ರೂ ಫೋನ್ ಮಾಡಿ "ನಮಗೂ ಒಂದ್ ಬಾಟ್ ಹಾಕಿ ಕೊಡ್ರಿ, ಎಷ್ಟ ಆಗತೈತಿ" ಅಂತಾರ, ರೇಟ್ ಮೊದ್ಲ, ಯಾಕ ಬೇಕು ಅನ್ನೋದು ಆಮ್ಯಾಲ.

ರೇಟ್ ಹೇಳೋಕಿಂತ ಮುಂಚೆ ನಾ ಒಂದ ಪ್ರಶ್ನೆ ಕೇಳ್ತೇನಿ. "ಇದರಾಗಿನ ಮಾಹಿತಿ ದಿನಾ ಮುಂಜಾನೆ ತಿದ್ದೋರು ಯಾರ್ರಿ?" ಸುಮಾರು ಮಂದಿ ಸುಮ್ನ ನನ್ನ ಮಾರಿ ನೋಡ್ತಾರ. "ಅದ ತನ್ನಷ್ಟಕ್ಕ ಮಾಡೂದಿಲ್ಲೇನ್ರಿ?" ಅಂತಾರ. ಇಲ್ರಿ, ಮಾಡೂದಿಲ್ಲ.

ಮಂದಿ ತೆಲಿಯೊಳಗ ಬಾಟ್ ಅಂದ್ರ ಬೆಂಗಳೂರಿನ ಮೆಟ್ರೋ ಟಿಕೆಟ್. 2022ರ ರಾಜ್ಯೋತ್ಸವದ ದಿನ ನಮ್ಮ ಮೆಟ್ರೋದವ್ರು ವಾಟ್ಸಾಪ್‌ನ್ಯಾಗ ಕ್ಯೂಆರ್ ಟಿಕೆಟ್ ಕೊಡಾಕ ಚಾಲೂ ಮಾಡಿದ್ರು, ಮಗಾನೋ ಅಳಿಯಾನೋ ಬೆಂಗಳೂರಿನ್ಯಾಗ ಇದ್ದೋರು ಅದನ್ನ ನೋಡಿ ಬಂದಿರ್ತಾರ, ಹಾಯ್ ಅಂದ್ರ ಟಿಕೆಟ್ ಬರತೈತಿ, ನಮ್ಮ ಅಂಗಡಿಗೂ ಹಂಗ ಆಗ್ಲಿ ಅಂತ. ಆದ್ರ ಮೆಟ್ರೋದಾಗ ಸ್ಟೇಷನ್ ಎಲ್ಲಿ ಇದ್ದಾವೋ ಅಲ್ಲೇ ಇರ್ತಾವ, ದರ ಯಾವಾಗೋ ಒಮ್ಮೆ ಬದಲಾಗತೈತಿ, ರೈಲು ಇವತ್ತ ಮದವಿಗೆ ಹೋಗೇತಿ ನಾಳೆ ಬರತೈತಿ ಅನ್ನೋ ಮಾತಿಲ್ಲ. ನಮ್ಮ ಕಡೆ ಧಂದೆದಾಗ ಮುಂಜಾನೆ ಒಂದು ರೇಟ್, ಸಂಜಿಗೊಂದು, ಡಾಕ್ಟರ್ ಇವತ್ತ ಅದಾರ ನಾಳೆ ಇಲ್ಲ. ಬಾಟ್ ಅಂದ್ರ ಅಂಗಡಿ ಮುಂದ ಸೀಮೆಸುಣ್ಣದಾಗ ಬರಿಯೋ ಹಲಗಿ ಇದ್ದಂಗ, ನಿನ್ನಿದು ಅಳಿಸಿ ಇವತ್ತಿಂದು ಬರಿಯೋ ಕೈ ಒಂದು ಬೇಕ ಬೇಕು.

ಇದು ಗೊತ್ತಿಲ್ದವ್ರಿಗೆ ಸ್ವಲ್ಪ ಒಳಗಿನ ಮಾತು ಹೇಳ್ತೇನಿ. ಬಾಟ್‌ನ್ಯಾಗ ಎರಡ ನಮೂನಿ. ಒಂದು ಬಟನ್ ಬಾಟ್, ಗಿರಾಕಿ ಬಟನ್ ಒತ್ತಿ ಕೇಳೋದು, ಅದಕ ನಾವು ಬರದು ಕೊಟ್ಟದ್ದು ಬಿಟ್ಟು ಒಂದ ಅಕ್ಷರಾನೂ ಬರೂದಿಲ್ಲ. ಇನ್ನೊಂದು 2022ರ ನವೆಂಬರ್‌ದಾಗ ಚಾಟ್‌ಜಿಪಿಟಿ ಬಂದ ಮ್ಯಾಲ ಎಲ್ಲಾರೂ ಕೇಳೋ ಎಐ ಬಾಟ್, ಅದು ನಿಮ್ಮ ಕಾಗದಪತ್ರ ಓದಿ ತನ್ನ ಮಾತಿನ್ಯಾಗ ಉತ್ರ ಕೊಡತೈತಿ, ಮತ್ತ ಕಾಗದದಾಗ ಇಲ್ಲದ್ದನ್ನೂ ಒಮ್ಮೊಮ್ಮೆ ಭಾಳ ಧೈರ್ಯದಿಂದ ಹೇಳತೈತಿ. ನಮ್ಮಲ್ಲಿ ಹೆಚ್ಚಿಗಿ ಓಡೋದು ಬಟನ್ ಬಾಟ್. ವಾಟ್ಸಾಪ್‌ದವ್ರ ನಿಯಮನೂ ಅದಾವ: ಒಂದ ಮೆಸೇಜಿಗೆ ಮೂರ ಬಟನ್, ಅದಕ್ಕಿಂತ ಹೆಚ್ಚ ಬೇಕಂದ್ರ ಲಿಸ್ಟ್ ಹಾಕ್ಬೇಕು, ಲಿಸ್ಟ್‌ನ್ಯಾಗೂ ಹತ್ತ ಸಾಲು. ಗಿರಾಕಿ ಕಡೀಗೆ ಮೆಸೇಜ್ ಮಾಡಿ 24 ತಾಸು ಆಗೋತನಕ ಏನ್ ಬೇಕಾದ್ರೂ ಬರೀಬಹುದು, ಆಮ್ಯಾಲ ವಾಟ್ಸಾಪ್‌ದವ್ರು ಮೊದ್ಲ ಪಾಸ್ ಮಾಡಿದ ಟೆಂಪ್ಲೇಟ್ (ಮುಂಚೇನ ಬರದಿಟ್ಟ ಮೆಸೇಜ್) ಅಷ್ಟ ಕಳಿಸ್ಬೇಕು, ಅದಕ ರೊಕ್ಕ. 2025ರ ಜುಲೈದಿಂದ ಆ ರೊಕ್ಕ ಒಂದೊಂದು ಟೆಂಪ್ಲೇಟ್ ಮೆಸೇಜಿಗೆ ಲೆಕ್ಕ.

ಮೂರ ಬಟನ್ ಅಂತ ಇಷ್ಟ ಒತ್ತಿ ಯಾಕ ಹೇಳಿದೆ ಅಂದ್ರ ಬೆಳಗಾವಿಯೊಳಗ ಬಾಟ್ ಬಾಯಿ ತೆಗೆಯೋದ ಭಾಷೆ ಕೇಳೋದ್ರಿಂದ. ಕನ್ನಡ, ಮರಾಠಿ, ಇಂಗ್ಲಿಷ್, ಅಲ್ಲಿಗೆ ಮೂರೂ ಬಟನ್ ಮುಗದ್ವು. ಹಿಂದಿ ಬೇಕಂದೋರು ಎಲ್ಲಿ ಹೋಗ್ಬೇಕು? ವಿಜಯಪುರದಾಗಂತೂ ಅದ ಭಾಳ ಬೇಕು. ಹಂಗಾಗಿ ಈಗ ಭಾಷೆ ಕೇಳೋದ ಬಿಟ್ಟೀವಿ, ಗಿರಾಕಿ ಮೊದ್ಲ ಏನ್ ಟೈಪ್ ಮಾಡಿದ್ನೋ ಅದ ನೋಡಿ ಅದರಾಗ ಉತ್ರ ಕೊಟ್ಟು, ಕೆಳಗ "ಭಾಷೆ ಬದಲಿಸಿ" ಅಂತ ಒಂದ ಬಟನ್. ಇಂಗ್ಲಿಷ್ ಅಕ್ಷರದಾಗ ಕನ್ನಡ ಬರಿಯೋರ ಹೆಚ್ಚಿಗಿ, ಅವ್ರಿಗೆ ಕನ್ನಡ ಅಕ್ಷರದಾಗ ಉತ್ರ ಕೊಟ್ರ ಓದ್ತಾರ, ಬೇಜಾರಿಲ್ಲ. ಆದ್ರ "ದಯವಿಟ್ಟು ನಿಮ್ಮ ಆಯ್ಕೆಯನ್ನು ನಮೂದಿಸಿ" ಅಂತ ಬರದ್ರ ಯಾರೂ ಮುಂದ ಹೋಗೂದಿಲ್ಲ. "ಏನ್ ಬೇಕಾಗಿತ್ರಿ?" ಅಂತ ಬರದ್ರ ಹೋಗ್ತಾರ.

ಈಗ ದವಾಖಾನಿ ಮಾತು. ನಾವು ಮಾಡಿ ಕೊಟ್ಟದ್ದು ಬಾಗಲಕೋಟಿ ಜಿಲ್ಲಾದಾಗ ಒಂದು ಪಾಲಿಕ್ಲಿನಿಕ್, ಅಲ್ಲೇ ಇರೋ ಡಾಕ್ಟರ್ ಇಬ್ಬರ, ಬಾಕಿ ಎಲುವಿನವ್ರು, ಕಣ್ಣಿನವ್ರು, ನರದವ್ರು ಹೊರಗಿಂದ ವಾರಕ್ಕೊಮ್ಮೆ ಬಂದು ಹೋಗೋರು. ಮಾಲಕ್ರು ಬಾಟ್‌ನ್ಯಾಗ ಆಸ್ಪತ್ರೆ ಇತಿಹಾಸ, ಮಷೀನ್ ಫೋಟೋ, ಸೌಲಭ್ಯ ಎಲ್ಲಾ ಇರ್ಲಿ ಅಂದ್ರು. ನಾ ಅವ್ರ ರಿಸೆಪ್ಷನ್ ಮೊಬೈಲ್ ಇಸ್ಕೊಂಡು ಹಳೇ ಚಾಟ್ ಓದ್ಕೋತ ಕುಂತೆ. ಇದು ನಾ ಎಲ್ಲಾ ಕಡೆ ಮಾಡೋ ಮೊದಲ್ನೇ ಕೆಲಸ, ಮಾಲಕ್ರ ಮಾತು ಆಮ್ಯಾಲ, ಮೊದ್ಲ ಹಳೇ ಚಾಟ್. ಅದರಾಗ ಬಂದದ್ದೆಲ್ಲಾ ಒಂದ: "ಎಲುವಿನ ಡಾಕ್ಟರ್ ಇವತ್ತ ಬಂದಾರೇನ್ರಿ?" ಬರೋ ದಿನ ಬೋರ್ಡಿನ್ಯಾಗ ಬರದಿರತೈತಿ, ಮಂದಿಗೆ ಗೊತ್ತೂ ಇರತೈತಿ, ಆದ್ರ ಹಳ್ಳಿಯಿಂದ ಬಸ್ ಹಿಡದು, ಒಂದಿನದ ಪಗಾರ ಬಿಟ್ಟು, ಕಾಲು ನೋವಿನ ಮುದುಕಿನ್ನ ಕರ್ಕೊಂಡ ಬರೋರಿಗೆ "ಬುಧವಾರ ಬರ್ತಾರ" ಸಾಲೂದಿಲ್ಲ, ಈ ಬುಧವಾರ ಬಂದಾರೋ ಇಲ್ಲೋ ಅದು ಬೇಕು.

ಹಂಗಾಗಿ ಬಾಟ್‌ನ್ಯಾಗ ಇರೋದು ಒಂದ ಗೂಗಲ್ ಶೀಟ್. ಎಡಕ್ಕ ಡಾಕ್ಟರ್ ಹೆಸರು, ಬಲಕ್ಕ ಮೂರ ಆಯ್ಕೆ: ಬರ್ತಾರ, ಬಂದಾರ, ಇವತ್ತಿಲ್ಲ. ರಿಸೆಪ್ಷನ್‌ನ್ಯಾಗ ಕುಂಡ್ರೋ ಅಕ್ಕಾರು ಮುಂಜಾನೆ ಬಾಗಲಾ ತೆಗದ ಕೂಡ್ಲೇ ಮೊಬೈಲ್‌ನ್ಯಾಗ ಅದನ್ನ ಒತ್ತಬೇಕು, ಅರ್ಧ ನಿಮಿಷದ ಕೆಲಸ. ಹನ್ನೊಂದ ಆದ್ರೂ ಒತ್ತಿಲ್ಲ ಅಂದ್ರ ಬಾಟ್ "ಇನ್ನೂ ಖಾತ್ರಿ ಇಲ್ರಿ, ಫೋನ್ ಮಾಡಿ ಕೇಳ್ರಿ" ಅಂತ ಹೇಳತೈತಿ, ನಿನ್ನಿ ಮಾಹಿತಿ ಇವತ್ತಿಗೆ ಹೇಳೂದಿಲ್ಲ. ಈ ಒಂದ ಸಾಲು ಹಾಕ್ಸಾಕ ನಾ ಭಾಳ ವಾದ ಮಾಡ್ಬೇಕಾತು, ಹಿಂಗ ಬರದ್ರ ಆಸ್ಪತ್ರೆ ಮಾನ ಹೋಗತೈತಿ ಅಂತಿದ್ರು. ಡಾಕ್ಟರ್ ಬಂದಾರ ಅಂತ ಹೇಳಿ ಕರಸ್ಕೊಂಡು ಇಲ್ಲ ಅಂದ್ರ ಮಾನ ಉಳಿತೈತೇನ್ರಿ?

ದವಾಖಾನಿ ಬಾಟ್‌ಗೆ ಔಷಧದ ಮಾತು ಆಡಾಕ ನಾವು ಬಿಡೂದಿಲ್ಲ. "ಎದಿ ನೋವು", "ಉಸಿರು", "ಬಿದ್ದಾರ", "ಪ್ರಜ್ಞೆ ಇಲ್ಲ" ಇಂಥಾ ಶಬ್ದ ಬಂದ್ರ ಮೆನು ತೋರಸೋದ ಬಂದ್, ಸೀದಾ 108 ಮತ್ತ ಆಸ್ಪತ್ರೆ ನಂಬರ್. ಅಮೆರಿಕಾದಾಗ 2023ರಲ್ಲಿ ಊಟ ಬಿಡೋದು, ಅತಿಯಾಗಿ ತಿನ್ನೋದು ಇಂಥಾ ಊಟದ ಕಾಯಿಲೆ ಇರೋರಿಗೆ ಸಹಾಯ ಮಾಡೋ ಸಂಸ್ಥೆದವ್ರು ಟೆಸ್ಸಾ ಅನ್ನೋ ಬಾಟ್ ಇಟ್ಟಿದ್ರು, ಅದು ಅಂಥಾ ರೋಗಿಗಳಿಗೇ ತೂಕ ಇಳಿಸೋ ಸಲಹೆ ಕೊಡಾಕ ಹತ್ತಿತು ಅಂತ ದೂರು ಬಂದು ಬಂದ್ ಮಾಡ್ಬೇಕಾತು. ನಮ್ಮ ಹುಡುಗ್ರು ಯಾರಾದ್ರೂ "ಲಕ್ಷಣ ಕೇಳಿ ರೋಗ ಹೇಳೋ ಫೀಚರ್ ಹಾಕೋಣ" ಅಂದ್ರ ನಾ ಈ ಕತಿ ಹೇಳ್ತೇನಿ.

ಇಳಕಲ್ ಕಡೆ ಸೀರಿ ಅಂಗಡಿಯೊಳಗ ಲೆಕ್ಕಾನ ಬ್ಯಾರೆ. ಅಲ್ಲಿ ಗಿರಾಕಿ ಬರಿಯೂದ ಇಲ್ಲ, ಫೋಟೋ ಕಳಸ್ತಾರ. ಅಂಗಡಿಯವ್ರ ಸ್ಟೇಟಸ್‌ನ್ಯಾಗ ನೋಡಿದ್ದು, ಇಲ್ಲಾ ಗೆಳತಿ ಮದವಿಯೊಳಗ ಉಟ್ಟದ್ದು, ಸ್ಕ್ರೀನ್‌ಶಾಟ್ ತೆಗದು ಕೆಂಪು ಗುಂಡು ಎಳದು "ಇದ ಕಲರ್, ಗೋಮಿ ದಡಿ, ಸೆರಗ ಟೋಪ್ ತೆನಿ ಇರ್ಬೇಕು, ಐತೇನ್ರಿ?" ಅಂತ. ಕೈಮಗ್ಗದ ಸೀರಿ ಒಂದರಂಗ ಇನ್ನೊಂದು ಇರೂದಿಲ್ಲ, ಸ್ಟಾಕ್ ಅಂತ ಕಂಪ್ಯೂಟರ್‌ದಾಗ ಏರಿಸೋದ್ರೊಳಗ ಆ ಸೀರಿ ಮಾರಿ ಹೋಗಿರತೈತಿ. ಇಲ್ಲಿ ಬಾಟ್ ಮಾಡೋ ಕೆಲಸ ಅಂದ್ರ ದಾರಿ ಬಿಡೋದು: ಫೋಟೋ ಬಂತಂದ್ರ ಸೀದಾ ಅಂಗಡಿ ಅಕ್ಕಾರಿಗೆ, ಕೊರಿಯರ್ ಎಲ್ಲಿ ಬಂತು ಅಂದ್ರ ಟ್ರ್ಯಾಕಿಂಗ್ ನಂಬರ್ ಬಾಟ್ ಕೊಡತೈತಿ, ಅಂಗಡಿ ವ್ಯಾಳೆ ವಿಳಾಸ ಬಾಟ್ ಕೊಡತೈತಿ. "ಸ್ವಲ್ಪ ಕಡಿಮಿ ಮಾಡ್ರಿ" ಅಂದ್ರೂ ಅಕ್ಕಾರಿಗೆ. ಚೌಕಾಸಿ ಬಾಟ್‌ಗೆ ಬರೂದಿಲ್ಲ, ಬರಬಾರ್ದು ಕೂಡ. ಅಮೆರಿಕಾದ ಒಂದು ಕಾರ್ ಶೋರೂಮಿನ ಎಐ ಬಾಟ್ 2023ರ ಡಿಸೆಂಬರ್‌ದಾಗ ಒಂದು ಡಾಲರಿಗೆ ಕಾರು ಕೊಡ್ತೇನಿ ಅಂತ ಒಪ್ಪಿಕೊಂಡು ಊರೆಲ್ಲಾ ನಗಿಸಿತ್ತು.

ಆ ಸೀರಿ ಅಂಗಡಿಯವ್ರು ಎಐ ಬಾಟ್ ಬೇಕು ಅಂತ ಹಟ ಹಿಡದಿದ್ರು, ಮತ್ತ ಯಾರ್ ಕೇಳಿದ್ರೂ "ಎಲ್ಲಾ ಕೈಮಗ್ಗದ್ದ" ಅಂತ ಹೇಳ್ಬೇಕು. ಆದ್ರ ಅಂಗಡಿಯೊಳಗ ಪವರ್‌ಲೂಮ್ ಮಾಲೂ ಐತಿ, ಅದರ ರೇಟ್ ಬ್ಯಾರೆ, ಅವ್ರೇ ಬಾಯಿಮಾತಿನ್ಯಾಗ ಹೇಳ್ತಾರ. ನಾ ಅಂದೆ, ಕೌಂಟರಿನ್ಯಾಗ ಆಡಿದ ಮಾತು ಗಾಳಿಗೆ ಹೋಗತೈತಿ, ಬಾಟ್ ಆಡಿದ್ದು ಗಿರಾಕಿ ಮೊಬೈಲ್‌ನ್ಯಾಗ ಲಿಖಿತವಾಗಿ ಕುಂದರತೈತ್ರಿ. ಏರ್ ಕೆನಡಾ ಅನ್ನೋ ವಿಮಾನ ಕಂಪನಿ ಕತಿ ಹೇಳಿದೆ: ಅಜ್ಜಿ ತೀರ್ಕೊಂಡ ಒಬ್ಬಾವ ಆ ಕಂಪನಿ ಬಾಟ್‌ಗೆ ಟಿಕೆಟ್ ರಿಯಾಯತಿ ಬಗ್ಗೆ ಕೇಳಿದ, ಈಗ ಟಿಕೆಟ್ ತಗೊಂಡು ಆಮ್ಯಾಲ ಅರ್ಜಿ ಹಾಕಬಹುದು ಅಂತ ಬಾಟ್ ಹೇಳ್ತು, ಕಂಪನಿ ನಿಯಮ ಹಂಗ ಇರ್ಲಿಲ್ಲ. ಬಾಟ್ ಹೇಳಿದ್ದಕ್ಕ ನಾವ್ ಜವಾಬ್ದಾರ ಅಲ್ಲ ಅಂತ ಕಂಪನಿ ವಾದ. 2024ರ ಫೆಬ್ರವರಿಯೊಳಗ ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ನ್ಯಾಯಮಂಡಳಿ ಅದನ್ನ ಒಪ್ಪಲಿಲ್ಲ, ವೆಬ್‌ಸೈಟ್ ನಿಮ್ದು, ಬಾಟ್ ನಿಮ್ದು, ರೊಕ್ಕ ಕೊಡ್ರಿ ಅಂತು. ಸಾವ್ಕಾರ್ರು ಸ್ವಲ್ಪ ಹೊತ್ತು ಸುಮ್ನಿದ್ದು "ಹಂಗಾರ ಬಟನ್ನಿಂದ ಹಾಕ್ರಿ" ಅಂದ್ರು.

ಬೆಳಗಾವಿ ಉದ್ಯಮಬಾಗದ ಫೌಂಡ್ರಿಯವ್ರು, ಅಂದ್ರ ಕಬ್ಬಿಣ ಕರಗಿಸಿ ಎರಕ (ಕಾಸ್ಟಿಂಗ್) ಹೊಯ್ಯೋರು, ಬಂದಾಗ ನಂಗ ಅನಿಸಿದ್ದು ಇವ್ರಿಗೆ ಬಾಟ್ ಯಾಕ ಅಂತ. ಗಿರಾಕಿ ಅಂದ್ರ ಕೈಬೆರಳಿನ್ಯಾಗ ಎಣಿಸೋವಷ್ಟು ಕಂಪನಿ, ಪುಣೆ ಕೊಲ್ಲಾಪುರದ ಪರ್ಚೇಸ್ ಮ್ಯಾನೇಜರ್‌ಗೋಳು, ಅವ್ರು ಸೀದಾ ಮಾಲಕ್ರಿಗೇ ಫೋನ್ ಹಚ್ಚತಾರ. ಹೊಸ ಎನ್‌ಕ್ವಾಯರಿ ಬಂದಾಗ ಮಾತ್ರ ಒಂದು ಉಪಯೋಗ ಕಂಡ್ತು. ಹೊಸಬ್ರು "ಕಾಸ್ಟಿಂಗ್ ರೇಟ್ ಎಷ್ಟು" ಅಂತ ಒಂದ ಸಾಲು ಬರೀತಾರ, ಅದಕ ಯಾರ್ ಏನ್ ಹೇಳ್ಬೇಕು? ಬಾಟ್ ತಿರುಗಿ ಕೇಳತೈತಿ: ಕಬ್ಬಿಣದ ಗ್ರೇಡ್ ಯಾವ್ದು, ಎಫ್‌ಜಿ 260 ನೋ ಎಸ್‌ಜಿ 500/7 ನೋ, ಒಂದ ಪೀಸಿನ ತೂಕ ಎಷ್ಟು, ತಿಂಗಳಿಗೆ ಎಷ್ಟು ಪೀಸು, ಮಷೀನಿಂಗ್ ಬೇಕೋ ಬ್ಯಾಡೋ, ಡ್ರಾಯಿಂಗ್ ಪಿಡಿಎಫ್ ಕಳಸ್ರಿ. ಇಷ್ಟಕ್ಕ ಉತ್ರ ಕೊಟ್ಟೋರು ಖರೇ ಗಿರಾಕಿ, ಸುಮ್ನ ರೇಟ್ ತಿಳ್ಕೊಳ್ಳಾಕ ಬಂದೋರು ಎರಡ್ನೇ ಪ್ರಶ್ನೆಕ್ಕ ಕೈ ಬಿಡ್ತಾರ. ಇದರಾಗ ದಿನಾ ತಿದ್ದೋದು ಏನೂ ಇಲ್ಲ, ಹಂಗಾಗಿ ಚೊಲೋ ನಡದೈತಿ. ಅದಕಿಂತ ಚೊಲೋ ನಡದದ್ದು ಒಳಗಿನ ಬಾಟ್: ಕೆಲಸಗಾರ್ರು ತಮ್ಮ ಪಗಾರ ಚೀಟಿ, ಉಳದ ರಜಾ, ಈ ವಾರದ ಪಾಳಿ ಅದರಾಗ ನೋಡ್ಕೋತಾರ, ಆಫೀಸ್ ಕಿಡಕಿ ಮುಂದ ನಿಂದ್ರೋದು ತಪ್ಪೇತಿ. ಗಿರಾಕಿಗೆ ಅಂತ ಬಂದ ಬಾಟ್ ಕೆಲಸಗಾರ್ರಿಗೆ ಬಿತ್ತು.

ಪತ್ತಿನ ಸಂಘದವ್ರ ಕಡೆ ಬಂದ್ರ ದೊಡ್ಡ ಬ್ಯಾಂಕ್‌ದವ್ರು ಮೊದ್ಲ ಮಾಡ್ಯಾರ, ಎಚ್‌ಡಿಎಫ್‌ಸಿದವ್ರ 'ಇವಾ' ಅನ್ನೋ ಬಾಟ್ 2017ರಷ್ಟು ಹಳೇದು. ನಮ್ಮ ಸೊಸೈಟಿಗೆ ಅಷ್ಟ ದೊಡ್ಡದು ಬೇಕಿಲ್ಲ. ಇಲ್ಲಿ ಜೀವಾಳ ಅಂದ್ರ ಪಿಗ್ಮಿ, ದಿನಾ ಸ್ವಲ್ಪ ಸ್ವಲ್ಪ ತುಂಬೋ ಉಳಿತಾಯ. 1928ರಾಗ ಉಡುಪಿಯೊಳಗ ಸಿಂಡಿಕೇಟ್ ಬ್ಯಾಂಕ್‌ದವ್ರು ಚಾಲೂ ಮಾಡಿದ್ದು, ಇವತ್ತಿಗೂ ನಮ್ಮ ಪ್ಯಾಟಿಯೊಳಗ ಕಾಯಿಪಲ್ಲೆ ಮಾರೋ ಅವ್ವಾರಿಂದ ಹಿಡದು ಪಾನಪಟ್ಟಿ ಅಂಗಡಿತನಕ ಎಲ್ಲಾರೂ ತುಂಬ್ತಾರ. ಏಜಂಟ ರೊಕ್ಕ ಇಸ್ಕೊಂಡು ಮಷೀನಿನ್ಯಾಗ ಒತ್ತಿದ ಕೂಡ್ಲೇ ಮೆಂಬರ್ ವಾಟ್ಸಾಪಿಗೆ "ಇವತ್ತ ಇಷ್ಟ ಜಮಾ, ಒಟ್ಟ ಇಷ್ಟ" ಅಂತ ಹೋಗತೈತಿ. ಇದು ಚಾಟ್ ಅಲ್ಲ ಬರೇ ಮೆಸೇಜ್ ಅಂತ ನಮ್ಮ ಹುಡುಗ್ರು ಮೂಗು ಮುರದ್ರು, ಆದ್ರ ಆಡಳಿತ ಮಂಡಳಿಯವ್ರಿಗೆ ಭಾಳ ಸೇರಿದ್ದು ಇದ. ಮೆಸೇಜ್ ಬರ್ಲಿಲ್ಲ ಅಂದ್ರ ಮೆಂಬರ್ ಅವತ್ತ ಕೇಳ್ತಾರ, ವರ್ಷದ ಕಡೀಗೆ ಪುಸ್ತಕ ತಾಳೆ ನೋಡೋ ಗದ್ದಲ ಇಲ್ಲ. ಒಂದ ಕಟ್ಟುನಿಟ್ಟು: ಬಾಟ್ ಎಂದೂ ಒಟಿಪಿ, ಪಿನ್ ಕೇಳೂದಿಲ್ಲ, ಲಿಂಕ್ ಕಳಿಸೂದಿಲ್ಲ, ಅದನ್ನ ಮೊದಲ್ನೇ ಮೆಸೇಜಿನ್ಯಾಗ ಬರದೀವಿ. ಯಾಕಂದ್ರ ಸಂಘದ ಲೋಗೋನ ಡಿಪಿ ಹಾಕ್ಕೊಂಡು ಮೋಸ ಮಾಡಾಕ ಯಾರಿಗೂ ಭಾಳ ತ್ರಾಸ ಆಗೂದಿಲ್ಲ.

ಆ ಸೊಸೈಟಿ ಬಾಟ್‌ಗೆ ಒಬ್ಬ ಅಜ್ಜಾರು ದಿನಾ ಮುಂಜಾನೆ ಹೂವಿನ ಚಿತ್ರದ್ದು ಶುಭೋದಯ ಕಳಸ್ತಾರ. ಬಾಟ್ "ಕ್ಷಮಿಸಿ, ಅರ್ಥ ಆಗಲಿಲ್ಲ" ಅಂತಿತ್ತು, ಅವ್ರು ಬಿಡ್ಲಿಲ್ಲ, ಅದು ಬಿಡ್ಲಿಲ್ಲ. 1966ರಾಗ ಎಂಐಟಿಯೊಳಗ ವೈಜೆನ್‌ಬಾಮ್ ಅನ್ನೋರು ಎಲಿಜಾ ಅಂತ ಮೊದಲ್ನೇ ನಮೂನಿ ಚಾಟ್‌ಬಾಟ್ ಮಾಡಿದಾಗ್ಲೂ, ಅದು ಬರೇ ಯಂತ್ರ ಅಂತ ಗೊತ್ತಿದ್ದೋರ ಅದರ ಮುಂದ ಮನಸ್ಸಿಂದು ಹೇಳ್ಕೋತಿದ್ರಂತ. ಈಗ ನಾವು ಚಿತ್ರ ಬಂದ್ರ "ನಮಸ್ಕಾರ್ರೀ" ಅಂತಷ್ಟ ಹೋಗೋ ಹಂಗ ಮಾಡೀವಿ, ಮೆನು ಇಲ್ಲ ಏನಿಲ್ಲ.

ವಿಜಯಪುರ, ತಿಕೋಟಾ ಕಡೆ ಒಣದ್ರಾಕ್ಷಿ ಧಂದೆದಾಗ ಎಲ್ಲಾದಕ್ಕಿಂತ ತ್ರಾಸ. ರೈತ್ರು ಟೈಪ್ ಮಾಡೂದಿಲ್ಲ, ವಾಯ್ಸ್ ಕಳಸ್ತಾರ, ಹಿಂದ ಟ್ರ್ಯಾಕ್ಟರ್ ಸಪ್ಪಳ, ಗಾಳಿ, ಯಾರೋ ಒದರೋದು. ಕೇಂದ್ರ ಸರ್ಕಾರದ ಕಿಸಾನ್ ಇ-ಮಿತ್ರ, ಪಿಎಂ ಕಿಸಾನ್ ಯೋಜನೆದ್ದು, 2023ರಾಗ ಬಂದದ್ದು, ಅದೂ ದನಿಯಿಂದ ಕೇಳೋ ಹಂಗ ಮಾಡ್ಯಾರ, ದಾರಿ ಅದ ಖರೇ. ಆದ್ರ ಕಂಪ್ಯೂಟರ್ ಕಲತದ್ದು ಪುಸ್ತಕದ ಕನ್ನಡ, ನಮ್ಮಾವ್ರು "ದೀಡನೂರಕ್ಕ ಹೋಗತೈತೇನ್ರಿ" ಅಂದ್ರ ಅದಕ ನೂರಾ ಐವತ್ತು ಅಂತ ಹತ್ತೂದಿಲ್ಲ, ಏನೋ ಒಂದು ಬರಕೋತೈತಿ. ಹಂಗಾಗಿ ರೇಟ್ ಸಂಬಂಧ ವಾಯ್ಸ್ ತಿಳ್ಕೊಳ್ಳೋ ಗೋಜಿಗ ಹೋಗಿಲ್ಲ, ಯಾವ ವಾಯ್ಸ್ ಬಂದ್ರೂ ಇವತ್ತಿನ ದರದ ಪಟ್ಟಿ ವಾಯ್ಸ್‌ನ್ಯಾಗ ವಾಪಸ್ ಹೋಗತೈತಿ. ಅದನ್ನ ರೆಕಾರ್ಡ್ ಮಾಡೋರು ಅಡತಿ ಅಂಗಡಿ ಗುಮಾಸ್ತರು, ಸವಾಲ್ (ಹರಾಜು) ಮುಗದ ಮ್ಯಾಲ ಅಲ್ಲೇ ನಿಂತು "ಹಸರ ಮಾಲು ಇಷ್ಟು, ಹಳದಿ ಇಷ್ಟು, ಕಪ್ಪು ಇಷ್ಟು" ಅಂತ ತಮ್ಮ ದನಿಯೊಳಗ ಹೇಳ್ತಾರ. ರೈತ್ರಿಗೆ ಆ ದನಿ ಪರಿಚಯ, ನಂಬ್ತಾರ. ಎಐ ದನಿಯೊಳಗ ಹಾಕಿ ನೋಡಿದ್ವಿ, "ಯಾರ್ರಿ ಇಕಿ?" ಅಂತ ಕೇಳಿದ್ರು.

ಒಂದ ಕೆಲಸ ನಾವು ಬ್ಯಾಡಂದೀವಿ. ಒಂದು ಸಕ್ಕರಿ ಕಾರ್ಖಾನೆದವ್ರು, ಹೆಸರು ಬ್ಯಾಡ. ಕಬ್ಬಿನ ತೂಕದ ಚೀಟಿ, ಕಟಾವ್ ಪಾಳಿ ಯಾವಾಗ ಬರತೈತಿ, ಇವೆಲ್ಲಾ ಬಾಟ್‌ನ್ಯಾಗ ಬರೋದು ರೈತ್ರಿಗೆ ಭಾಳ ಉಪಯೋಗ, ಅದರಾಗ ಎರಡ ಮಾತಿಲ್ಲ. ಆದ್ರ ಹಳೇ ಕಾಲ್ ರಿಜಿಸ್ಟರ್ ತೆಗದು ನೋಡಿದ್ರ ಎಲ್ಲಾ ಫೋನೂ ಒಂದಕ್ಕ: ಬಿಲ್ ಯಾವಾಗ? 1966ರ ಕಬ್ಬು ನಿಯಂತ್ರಣ ಆದೇಶದಾಗ ಕಬ್ಬು ಕೊಟ್ಟ 14 ದಿನದಾಗ ರೊಕ್ಕ ಕೊಡ್ಬೇಕು, ತಡಾ ಆದ್ರ ವರ್ಷಕ್ಕ ಶೇಕಡಾ 15ರ ಬಡ್ಡಿ ಅಂತ ಐತಿ. ಬಾಟ್‌ನ್ಯಾಗ ಬಿಲ್ ಬರೋ ತಾರೀಖು ಹಾಕೋರು ಯಾರ್ರಿ ಅಂತ ನಾ ಕೇಳಿದೆ, ಅಕೌಂಟ್ಸ್‌ದವ್ರು ಎಂಡಿ ಕಡೆ ತೋರಸ್ತಾರ, ಎಂಡಿ ಆಫೀಸ್‌ದವ್ರು ಅಕೌಂಟ್ಸ್ ಕಡೆ. ಕಡೀಗೆ ಒಬ್ಬರು ಖರೇ ಹೇಳಿದ್ರು, "ಪ್ರಕ್ರಿಯೆಯಲ್ಲಿದೆ ಅಂತ ಹೇಳೋ ಹಂಗ ಮಾಡ್ರಿ ಸಾಕು, ಈ ಫೋನ್ ಕಾಟ ತಪ್ಪಲಿ." ಉತ್ರ ಇಲ್ಲದ್ದಕ್ಕ ಬಾಟ್ ಬೇಕಾಗಿತ್ತು ಅವ್ರಿಗೆ. ರೈತ ಮೊಬೈಲ್ ಹಿಡ್ಕೊಂಡು ದಿನಾ ಅದ ಸಾಲು ಓದ್ಬೇಕು. ನಾವು ತೂಕದ ಚೀಟಿದ್ದಷ್ಟ ಮಾಡಿ ಕೊಡ್ತೀವಿ ಅಂದ್ವಿ, ಅವ್ರಿಗೆ ಅದಷ್ಟ ಬ್ಯಾಡಾಗಿತ್ತು, ಮುರೀತು ವ್ಯವಹಾರ.

ಲಾಡ್ಜ್, ಟ್ರಾವೆಲ್ಸ್ ಬಗ್ಗೆ ಹೆಚ್ಚಿಗೇನಿಲ್ಲ. ರೈಲ್ವೆದವ್ರ ಆಸ್ಕ್‌ದಿಶಾ ಬಾಟ್ 2018ರಿಂದ ಐತಿ, ಮಂದಿಗೆ ರೂಢಿ ಆಗೇತಿ. ರಾತ್ರಿ ಬಸ್ಸಿನವ್ರಿಗೆ ಬರೋದು ಒಂದ ಪ್ರಶ್ನೆ, "ಗಾಡಿ ಎಲ್ಲಿ ಬಂತು", ಲೈವ್ ಲೊಕೇಶನ್ ಲಿಂಕ್ ಕೊಟ್ರ ಮುಗೀತು. ಗೋಳಗುಮ್ಮಟ ನೋಡಾಕ ಬರೋರು ಲಾಡ್ಜಿಗೆ ಕೇಳೋದು ಬಿಸಿನೀರು ಎಷ್ಟೊತ್ತಿಗೆ, ಬಸ್ ನಿಲ್ಸಾಕ ಜಾಗ ಐತೋ ಇಲ್ಲೋ.

ಎಲ್ಲಾ ಮಾಲಕ್ರೂ ಒಮ್ಮೆ ದನಿ ಇಳಿಸಿ ಕೇಳೋ ಮಾತೊಂದೈತಿ: "ಇದ ಬಂದ್ರ ರಿಸೆಪ್ಷನ್ ಹುಡುಗೀನ್ನ ತೆಗೀಬಹುದೇನ್ರಿ?" ಸ್ವೀಡನ್ನಿನ ಕ್ಲಾರ್ನಾ ಅನ್ನೋ ಕಂಪನಿ 2024ರಾಗ ನಮ್ಮ ಬಾಟ್ 700 ಮಂದಿ ಕೆಲಸ ಮಾಡತೈತಿ ಅಂತ ಹೇಳ್ಕೊಂಡಿತ್ತು, 2025ರಾಗ ಗಿರಾಕಿಗೆ ಮಾತಾಡಾಕ ಮನಷ್ಯಾರು ಬೇಕು ಅಂತ ಮತ್ತ ಮಂದಿ ತಗೊಳಾಕ ಹೊಂಟಿತು. ನಮ್ಮ ಪಾಲಿಕ್ಲಿನಿಕ್‌ನ್ಯಾಗ ಆ ಅಕ್ಕಾರನ್ನ ತೆಗದ್ರ ಶೀಟ್ ಒತ್ತೋರು ಯಾರು? ಫೋನ್ ಕಡಿಮಿ ಆಗ್ಯಾವ, ಅವ್ರಿಗೆ ಎದುರಿಗೆ ನಿಂತ ಮಂದಿ ಕೂಡ ಮಾತಾಡಾಕ ಪುರಸೊತ್ತು ಸಿಕ್ಕೈತಿ, ಅಷ್ಟ. ನಾವೀಗ ಕರಾರು ಪತ್ರದಾಗ ತಿದ್ದೋರ ಹೆಸರು ಒಂದು, ಅವ್ರು ರಜಾ ಹೋದ್ರ ಇನ್ನೊಬ್ಬರ ಹೆಸರು ಒಂದು ಬರಸ್ಕೋತೀವಿ. ಎರಡೂ ಜಾಗಾದಾಗ ಮಾಲಕ್ರು ತಮ್ಮ ಹೆಸರ ಬರದ್ರ ನಾ ಸಹಿ ತಗೊಳೂದಿಲ್ಲ, ಅವ್ರು ಎರಡ ವಾರ ಮಾಡಿ ಬಿಡ್ತಾರ.

ಈಗ ಕೈಯಾಗಿರೋದು ಮುಧೋಳ ಕಡೆ ಒಂದು ಟ್ರ್ಯಾಕ್ಟರ್ ಸ್ಪೇರ್ ಪಾರ್ಟ್ ಅಂಗಡಿ. ಗಿರಾಕಿ ಕಳಸೋದು ಗ್ರೀಸ್ ಹತ್ತಿದ ಮುರದ ಸಾಮಾನಿನ ಫೋಟೋ, ಪಾರ್ಟ್ ನಂಬರ್ ಇಲ್ಲ, ಮಾಡೆಲ್ ಕೇಳಿದ್ರ "ಕೆಂಪಂದು" ಅಂತಾರ. ಕೌಂಟರಿನ ಕಾಕಾ ಅದ ಫೋಟೋ ನೋಡಿ ರ‍್ಯಾಕಿನಿಂದ ತೆಗದ ಕೊಡ್ತಾರ. ಗಾಡಿ ನಂಬರ್ ಪ್ಲೇಟ್ ಫೋಟೋ ಮೊದ್ಲ ಕೇಳಿ ಮಾಡೆಲ್ ಹಿಡಿಯೋದ ಅಂತ ನಮ್ಮ ಲೆಕ್ಕ, ಆದ್ರ ಹಳೇ ಗಾಡಿಗೆ ಬ್ಯಾರೆ ಗಾಡಿ ಗೇರ್‌ಬಾಕ್ಸ್ ಕೂಡ್ಸಿರ್ತಾರ ಅಂತ ಕಾಕಾ ನಗ್ತಾರ. ಯಾರಾದ್ರೂ ಇಂಥಾ ಅಂಗಡಿಗೆ ಮಾಡಿದ್ರ ಮೊದಲ್ನೇ ಪ್ರಶ್ನೆ ಏನ್ ಇಟ್ಟೀರಿ ಹೇಳ್ರಿ.